ಎಡಗಾಲಿನ ತಪ್ಪು

ದಿನಾಂಕ ಒಂಬತ್ತು, ಮಂಗಳವಾರ, ಮಧ್ಯಾಹ್ನ 2 ಗಂಟೆ 35 ನಿಮಿಷಕ್ಕೆ ಠಾಣೆಗೆ ಮೊದಲ ದೂರು ಬಂತು. ತಂದವರು ಹೆಲಿಕಾಪ್ಟರ್ ಕಂಪನಿಯ ಮ್ಯಾನೇಜರ್. ಮಡಿಕೆ ಕೆಡದ ಅಂಗಿ, ಪ್ಲಾಸ್ಟಿಕ್ ಕವರಿನೊಳಗೆ ಟೈಪ್ ಮಾಡಿದ ಎರಡು ಪುಟ.

ಅದೇ ದಿನ ಬೆಳಿಗ್ಗೆ 11:42ಕ್ಕೆ, ರೋಗಿಗಳನ್ನು ಸಾಗಿಸುವ ಆ ಕಂಪನಿಯ ಹೆಲಿಕಾಪ್ಟರ್ ಆಸ್ಪತ್ರೆಯ ಪಕ್ಕದ ಇಳಿದಾಣದಲ್ಲಿ ಇಳಿಯುವಾಗ ಗಿರಗಿರನೆ ತಿರುಗಿ, ದೀಪದ ಕಂಬಕ್ಕೆ ಬಾಲ ಬಡಿದು, ಪಕ್ಕಕ್ಕೆ ಬಿದ್ದಿತ್ತು. ಹಿಂದಿನ ಸೀಟಿನಲ್ಲಿದ್ದ ನರ್ಸ್ ಸ್ಥಳದಲ್ಲೇ ಸತ್ತಿದ್ದಳು. ಪೈಲಟ್‌ನ ಎರಡು ಪಕ್ಕೆಲುಬು, ಬಲತೊಡೆಯ ಮೂಳೆ ಮುರಿದಿದ್ದವು.

ಇನ್ಸ್‌ಪೆಕ್ಟರ್ ಐವತ್ತರ ಹತ್ತಿರದ ಹೆಂಗಸು. ಎರಡು ಪುಟವನ್ನೂ ನಿಧಾನವಾಗಿ ಓದಿ ಮೇಜಿನ ಮೇಲಿಟ್ಟರು.

“ಅಪಘಾತ ಆಗಿ ಮೂರು ಗಂಟೆ ಆಗಿಲ್ಲ. ‘ಪೈಲಟ್‌ನ ತಪ್ಪಿನಿಂದ’ ಅಂತ ಆಗಲೇ ಟೈಪ್ ಆಗಿದೆ.”

“ಬೇರೆ ಏನಿರುತ್ತೆ ಮೇಡಂ? ಯಂತ್ರ ಹೊಸದು. ಮಳೆ ಇಲ್ಲ, ಮಂಜಿಲ್ಲ. ಉಳಿದಿದ್ದು ಮನುಷ್ಯ ಒಬ್ಬನೇ.”

“ನೀವೂ ಮನುಷ್ಯರೇ ಅಲ್ವಾ?”

ಮ್ಯಾನೇಜರ್ ನಗಬೇಕೋ ಬೇಡವೋ ತಿಳಿಯದೆ ಖಾಲಿ ಕವರನ್ನು ನಾಲ್ಕು ಮಡಿಕೆ ಮಾಡಿದರು.

3 ಗಂಟೆ 5 ನಿಮಿಷಕ್ಕೆ ಸತ್ತವಳ ಅಕ್ಕ ಬಂದಳು. ಹೊಲಿಗೆ ಅಂಗಡಿಯಿಂದ ನೇರ ಶವಾಗಾರಕ್ಕೆ, ಅಲ್ಲಿಂದ ನೇರ ಠಾಣೆಗೆ. ಅಳತೆಯ ಟೇಪು ಕೊರಳಲ್ಲೇ ನೇತಾಡುತ್ತಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಆ ಪೈಲಟ್‌ನ ಕೈಗೆ ಕೋಳ ಹಾಕಿ. ಹಾಸಿಗೆ ಹಿಡಿದಿದಾನೆ ಅಂತ ಬಿಡಬೇಡಿ, ಮಂಚಕ್ಕೇ ಸೇರಿಸಿ ಹಾಕಿ.”

“ನಿಮ್ಮ ತಂಗಿ ಯಾಕೆ ಸತ್ತಳು ಅಂತ ತಿಳೀಬೇಕಾ ಅಮ್ಮ, ಯಾರನ್ನಾದ್ರೂ ಹಿಡೀಬೇಕಾ?”

“ಎರಡೂ.”

ಇನ್ಸ್‌ಪೆಕ್ಟರ್ ಮ್ಯಾನೇಜರ್‌ನ ಟೈಪ್ ಪುಟಗಳನ್ನು ಪಕ್ಕಕ್ಕೆ ಸರಿಸಿ, ಅಕ್ಕನ ಬಾಯಿಮಾತಿನ ದೂರಿನ ಮೇಲೆಯೇ ಎಫ್‌ಐಆರ್ ದಾಖಲಿಸಿದರು. ನಂಬರ್ 118. ಠಾಣೆಯ ಬರವಣಿಗೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್‌ನನ್ನು ಎಲ್ಲರೂ ರೈಟರ್ ಎಂದೇ ಕರೆಯುತ್ತಿದ್ದರು. ಆರೋಪಿಯ ಹೆಸರಿನ ಕಾಲಂ ಬಂದಾಗ ಅವನ ಪೆನ್ನು ನಿಂತಿತು.

“ಇಲ್ಲಿ ಪೈಲಟ್ ಅಂತ ಬರೀಲಾ?”

“‘ತನಿಖೆಯಿಂದ ತಿಳಿಯಬೇಕು’ ಅಂತ ಬರಿ.”

“ಮೇಲಿನವರು ಕೇಳ್ತಾರೆ ಮೇಡಂ.”

“ಕೇಳಲಿ. ಆ ಜಾಗ ತುಂಬೋದು ಸುಲಭ, ಒಂದ್ಸಲ ತುಂಬಿದ್ಮೇಲೆ ಅಳಿಸೋದೇ ಕಷ್ಟ.”

ಅಂದು ಮ್ಯಾನೇಜರ್ ಮತ್ತು ಹೊಲಿಗೆಯ ಅಕ್ಕ ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಠಾಣೆಯ ಮೆಟ್ಟಿಲಿಳಿದರು. ಒಬ್ಬರ ಸಿಟ್ಟಿಗೆ ಹೆಣವೊಂದು ಕಾರಣವಾಗಿತ್ತು. ಇನ್ನೊಬ್ಬರ ಸಿಟ್ಟಿಗೆ ಹೆಸರಿಲ್ಲದೆ ಉಳಿದ ಒಂದು ಸಾಲು.

ಸಂಜೆ 4:30ಕ್ಕೆ ಸ್ಥಳ ಪಂಚನಾಮೆ. ಪಂಚರಾಗಿ ವಾಹನ ನಿಲ್ದಾಣದ ಕಾವಲುಗಾರ ಮತ್ತು ಆಸ್ಪತ್ರೆಯ ಎಲೆಕ್ಟ್ರಿಷಿಯನ್ ನಿಂತರು. ವಿಮಾನ ಅಪಘಾತಗಳ ಸರ್ಕಾರಿ ತಜ್ಞರೂ ಬಂದಿದ್ದರು: ಕುಳ್ಳಗೆ, ಬೋಳುತಲೆ, ಮಾತಿಗೊಮ್ಮೆ ಕನ್ನಡಕ ಒರೆಸುವ ಮನುಷ್ಯ. ರೈಟರ್ ಒಂದೊಂದಾಗಿ ಬರೆದುಕೊಂಡ: ಬಾಗಿದ ದೀಪದ ಕಂಬ, ಒಂದು. ಕಂಬದಿಂದ ಹನ್ನೊಂದು ಅಡಿ ದೂರದಲ್ಲಿ ಬಾಲದ ತುಂಡು. ಔಷಧಿಯ ಕಿಟ್, ಮುಚ್ಚಳ ಕಿತ್ತಿದೆ. ಹಳೆಯ ಚಪ್ಪಲಿ ಒಂದು ಜೊತೆ, ಗಂಡಸರದು, ಯಾರದೆಂದು ತಿಳಿದಿಲ್ಲ.

ಕಾವಲುಗಾರನ ಕೋಣೆಯಲ್ಲಿ ಕ್ಯಾಮೆರಾದ ಚಿತ್ರ ಸಿಕ್ಕಿತು. ಒಂಬತ್ತು ಸೆಕೆಂಡು. ಹೆಲಿಕಾಪ್ಟರ್ ಮನೆಯೊಂದರ ಚಾವಣಿಯಷ್ಟು ಎತ್ತರದಲ್ಲಿದೆ. ಗಾಳಿಯ ಒಂದು ಹೊಡೆತಕ್ಕೆ ಸರ್ರನೆ ಇಳಿಯುತ್ತದೆ, ತಡೆದು ನಿಲ್ಲುತ್ತದೆ, ಮೂತಿ ಎಡಕ್ಕೆ ತಿರುಗುತ್ತದೆ. ಮತ್ತೆ ಎಡಕ್ಕೆ. ಆಮೇಲೆ ಎಣಿಸಲು ಆಗುವುದಿಲ್ಲ.

“ಅರ್ಥ ಆಗೋ ಹಾಗೆ ಹೇಳಿ,” ಎಂದರು ಇನ್ಸ್‌ಪೆಕ್ಟರ್.

ತಜ್ಞರು ಕಾವಲುಗಾರನ ತಿರುಗುವ ಕುರ್ಚಿಯಲ್ಲಿ ರೈಟರ್‌ನನ್ನು ಕೂರಿಸಿದರು. “ಕಾಲು ಎತ್ತಿ. ಎರಡೂ ಕೈ ಚಾಚಿ ಜೋರಾಗಿ ಬಲಕ್ಕೆ ಬೀಸಿ.” ಬೀಸಿದ. ಕುರ್ಚಿ ಎಡಕ್ಕೆ ತಿರುಗಿತು.

“ಇಷ್ಟು ವರ್ಷ ಸರ್ವಿಸಲ್ಲಿ ಯಾರೂ ನನ್ನನ್ನ ಹೀಗೆ ಆಡಿಸಿರಲಿಲ್ಲ ಸಾರ್,” ಎಂದ ರೈಟರ್.

“ರೆಕ್ಕೆ ಒಂದು ಕಡೆ ತಿರುಗಿದ್ರೆ ಮೈ ಇನ್ನೊಂದು ಕಡೆ ತಿರುಗೋಕೆ ನೋಡುತ್ತೆ. ಅದನ್ನ ತಡೆಯೋದು ಬಾಲದಲ್ಲಿರೋ ಸಣ್ಣ ಫ್ಯಾನು. ಆ ಫ್ಯಾನನ್ನ ಆಳೋದು ಪೈಲಟ್‌ನ ಕಾಲು, ಎರಡು ಪೆಡಲ್. ಇಳಿಯುವಾಗ ಜೋರಾಗಿ ಕುಸಿದ್ರೆ ಎಡಗೈಲಿರೋ ಸನ್ನೆಕೋಲು ಎತ್ತಿ ತಡೀತಾರೆ. ಎತ್ತಿದ ಕೂಡಲೇ ಮೈ ತಿರುಗುತ್ತೆ. ಹಳೆ ಮಾದರಿಯಲ್ಲಿ ಬಲಕ್ಕೆ ತಿರುಗುತ್ತೆ, ಎಡ ಪೆಡಲ್ ಒತ್ತಿ ಹಿಡೀಬೇಕು. ಈ ಹೊಸ ಮಾದರಿಯಲ್ಲಿ ರೆಕ್ಕೆ ಉಲ್ಟಾ, ಗಡಿಯಾರದ ಮುಳ್ಳಿನ ಹಾಗೆ. ಮೈ ಎಡಕ್ಕೆ ತಿರುಗುತ್ತೆ. ಬಲ ಪೆಡಲ್ ಒತ್ತಬೇಕು.”

“ಹೊಸದರಲ್ಲಿ ಎಡ ಒತ್ತಿದ್ರೆ?”

ತಜ್ಞರು ಕನ್ನಡಕ ಒರೆಸಿಕೊಂಡರು. “ತಿರುಗೋದನ್ನ ತಡೆಯೋ ಬದಲು ನೂಕಿದ ಹಾಗೆ. ಈಗ ನೋಡಿದ್ರಲ್ಲ.”

ಪಂಚನಾಮೆ 6:10ಕ್ಕೆ ಮುಗಿಯಿತು.

ಮರುದಿನ ಬೆಳಿಗ್ಗೆ 10ಕ್ಕೆ ಆಸ್ಪತ್ರೆ. ವಾರ್ಡಿನವರು ಪೈಲಟ್‌ನ ಬಟ್ಟೆಬರೆಯ ಚೀಲ ಒಪ್ಪಿಸಿದರು. ತಜ್ಞರು ಬೂಟುಗಳನ್ನು ಬೆಳಕಿಗೆ ಹಿಡಿದರು. ಎಡ ಬೂಟಿನ ಅಡಿಯಲ್ಲಿ ಅಡ್ಡಕ್ಕೆ ಮೂರು ಗೆರೆ ಆಳವಾಗಿ ಒತ್ತಿಕೊಂಡಿದ್ದವು. ಬಲ ಬೂಟಿನಲ್ಲಿ ಏನೂ ಇಲ್ಲ. ಬೀಳುವ ಗಳಿಗೆಯಲ್ಲಿ ಯಾವ ಕಾಲಿನ ಮೇಲೆ ಭಾರವಿತ್ತೋ ಆ ಬೂಟಿಗೆ ಪೆಡಲ್ ತನ್ನ ಅಚ್ಚು ಒತ್ತುತ್ತದೆ. ಎರಡೂ ಬೂಟು ಜಪ್ತಿಯಾದವು.

ಪೈಲಟ್‌ಗೆ ನಲವತ್ತನಾಲ್ಕು. ತೂಗುಹಾಕಿದ ಕಾಲು, ಬಾಡಿದ ಮುಖ. ಕೇಳುವ ಮೊದಲೇ ಶುರುಮಾಡಿದ.

“ನಂದೇ ತಪ್ಪು. ಎಡಗಾಲು ಒತ್ತಿಬಿಟ್ಟೆ. ಬರ್ಕೊಳ್ಳಿ, ಸಹಿ ಹಾಕ್ತೀನಿ.”

“ಆತುರ ಬೇಡ. ಎಷ್ಟು ವರ್ಷದಿಂದ ಹಾರಿಸ್ತಿದೀರಿ?”

“ಹತ್ತೊಂಬತ್ತು. ಎಲ್ಲಾ ಹಳೆ ಮಾದರಿ.”

“ಹೊಸದನ್ನ?”

“ಒಂದನೇ ತಾರೀಕಿಂದ. ಒಂಬತ್ತು ದಿನ.”

“ಇಷ್ಟು ದಿನ ಸರಿಯಾಗಿ ಇಳಿಸಿದೀರಲ್ಲ?”

“ಸಲೀಸಾಗಿದ್ದಾಗ ತಲೆ ಹೇಳಿದ್ದನ್ನ ಕಾಲು ಕೇಳುತ್ತೆ ಮೇಡಂ. ಗಾಬರಿ ಆದಾಗ ಅದರ ಪಾಡಿಗೆ ಅದು ಹೋಗುತ್ತೆ. ಹತ್ತೊಂಬತ್ತು ವರ್ಷ ಹೋದ ಕಡೆಗೇ ಹೋಯ್ತು.”

“ಹೊಸದಕ್ಕೆ ತರಬೇತಿ?”

“ಹತ್ತು ಗಂಟೆ.” ಇದೊಂದು ಉತ್ತರ ಸ್ವಲ್ಪ ತಡವಾಗಿ ಬಂತು. “ಲಾಗ್‌ಬುಕ್‌ನಲ್ಲಿದೆ.”

“ಯಾರು ಕೊಟ್ಟಿದ್ದು?”

“ಮೇಷ್ಟ್ರು.”

ಕಂಪನಿಯ ತರಬೇತಿ ಮುಖ್ಯಸ್ಥರನ್ನು ಪೈಲಟ್‌ಗಳೆಲ್ಲ ಹಾಗೇ ಕರೆಯುತ್ತಿದ್ದರು. ಅಲ್ಲಿ ಹಾರುವವರೆಲ್ಲ ಅವರ ಕೈಯಲ್ಲಿ ಪಳಗಿದವರೇ. ಇನ್ಸ್‌ಪೆಕ್ಟರ್ ಏಳುವಾಗ ಪೈಲಟ್ ತಾನಾಗಿಯೇ ಮತ್ತೆ ಮಾತಾಡಿದ.

“ಆ ಹುಡುಗಿ ಕೊನೇಲಿ ಏನಂದ್ಲು ಗೊತ್ತಾ? ಆಗ ತಾನೇ ಒಬ್ಬ ಅಜ್ಜನ್ನ ದೊಡ್ಡಾಸ್ಪತ್ರೆಗೆ ಬಿಟ್ಟು ಬಂದಿದ್ವಿ. ‘ಅಯ್ಯೋ ಪೈಲಟಣ್ಣಾ, ತಾತನ ಚಪ್ಪಲಿ ಇಲ್ಲೇ ಉಳೀತು’ ಅಂದ್ಲು. ನಗ್ತಿದ್ದಾಗಲೇ ಗಾಳಿ ಹೊಡೀತು, ಸನ್ನೆಕೋಲು ಎತ್ತಿದೆ.”

ರೈಟರ್ ಹಿಂದಿನ ದಿನದ ಪಂಚನಾಮೆ ತೆರೆದು, ಚಪ್ಪಲಿಯ ಸಾಲಿನ ಮುಂದೆ ಸಣ್ಣದಾಗಿ ಬರೆದುಕೊಂಡ.

ಸಂಜೆ ಮೇಲಧಿಕಾರಿ ಫೋನ್ ಮಾಡಿದರು. “ಪೈಲಟ್ ಒಪ್ಪಿಕೊಂಡಿದಾನೆ, ಬೂಟು ಸಿಕ್ಕಿದೆ. ಇನ್ನೇನಮ್ಮ? ಮುಗಿಸಿ.”

“ಯಾವ ಕಾಲು ಒತ್ತಿತು ಅಂತ ಗೊತ್ತಾಗಿದೆ ಸಾರ್. ಯಾಕೆ ಒತ್ತಿತು ಅಂತ ಗೊತ್ತಾಗಿಲ್ಲ.”

“ಕಾಲನ್ನ ಯಾಕೆ ಅಂತ ಕೇಳೋಕಾಗುತ್ತಾ?”

ಕೇಳಲಾಗದು ಎಂದೇ ಅಲ್ಲವೇ ಇದು ಇಷ್ಟು ಸಲೀಸು? ಯಂತ್ರ ಬಿದ್ದಾಗಲೆಲ್ಲ ತಪ್ಪು ಅದರ ಮೇಲೆ ಕೂತವನ ಮೈಯಲ್ಲೇ ಎಲ್ಲೋ ಸಿಕ್ಕಿಬಿಡುತ್ತದೆ. ಕೈಯಲ್ಲಿ, ಕಾಲಲ್ಲಿ, ಕಣ್ಣಲ್ಲಿ. ಅವನನ್ನು ಅಲ್ಲಿ ಕೂರಿಸಿದ ಕಾಗದಕ್ಕೆ ಮೈಯಿಲ್ಲ. ಅದಕ್ಕೆ ಮೂಳೆ ಮುರಿಯುವುದಿಲ್ಲ, ಅದು ಮಂಚದ ಮೇಲೆ ಮಲಗಿ ತಪ್ಪೊಪ್ಪಿಕೊಳ್ಳುವುದೂ ಇಲ್ಲ. ತಪ್ಪಿಗೆ ಮನುಷ್ಯ ಸಿಕ್ಕ ಮೇಲೆ ಕಾರಣ ಹುಡುಕುವುದು ಯಾರಿಗೂ ಬೇಡ.

ಹನ್ನೊಂದನೇ ತಾರೀಕು ಮಧ್ಯಾಹ್ನ 1 ಗಂಟೆಗೆ ಹೇಳಿಕೆಯೊಂದಕ್ಕೆ ಸಹಿ ಪಡೆಯಲು ಇನ್ಸ್‌ಪೆಕ್ಟರ್ ಹೊಲಿಗೆ ಅಂಗಡಿಗೆ ಹೋದರು. ಕಿರಿದಾದ ಕೋಣೆ, ಎರಡು ಮೆಷಿನ್ನು, ಗೋಡೆ ತುಂಬ ನೂಲಿನ ಉಂಡೆ. ಅಕ್ಕ ಯಾರದೋ ಮಗುವಿನ ಸಮವಸ್ತ್ರಕ್ಕೆ ಕಾಲರ್ ಕೂರಿಸುತ್ತಿದ್ದಳು.

“ಕೆಲಸ ಮಾಡ್ತಿದೀನಿ ಅಂತ ನೋಡ್ತಿದೀರಾ? ಸುಮ್ನೆ ಕೂತ್ರೆ ಹುಚ್ಚು ಹಿಡಿಯುತ್ತೆ. ಅವನನ್ನ ಹಿಡಿದ್ರಾ?”

“ಇನ್ನೂ ಇಲ್ಲ.” ಇನ್ಸ್‌ಪೆಕ್ಟರ್ ಪೆಡಲ್‌ಗಳ ವಿಷಯ ಹೇಳಿದರು, ಹಳೆಯದು, ಹೊಸದು, ಎಡ, ಬಲ. ಅಕ್ಕ ಮೆಷಿನ್ ನಿಲ್ಲಿಸಿ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಕಣ್ಣು ತನ್ನ ಕಾಲಿನ ಕಡೆ ಹೋಯಿತು.

“ನಾನು ಹನ್ನೆರಡು ವರ್ಷ ಕಾಲ್ ಮೆಷಿನ್ ತುಳಿದೋಳು. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಆಮೇಲೆ ಮೋಟಾರ್ ಮೆಷಿನ್ ಬಂತು. ಸುಮ್ನೆ ಒತ್ತಿದ್ರೆ ಸಾಕು. ಆದ್ರೆ ನನ್ನ ಕಾಲು ಕೇಳ್ಬೇಕಲ್ಲ? ಕುಣೀತಾನೇ ಇರೋದು. ಒಂದಿನ ಗಿರಾಕಿ ಕೂಗಿದ್ರು ಅಂತ ಬೆದರಿ ತುಳಿದೆ, ಸೂಜಿ ಈ ಬೆರಳೊಳಗೆ ಹೋಯ್ತು.” ಬೆರಳು ತೋರಿಸಿದಳು.

“ಸರಿಹೋಗೋಕೆ ಎಷ್ಟು ದಿನ ಹಿಡೀತು?”

“ಪೂರ್ತಿ ಒಂದು ತಿಂಗಳು. ಅಂಗಡಿಯ ಅಮ್ಮ ಒಳ್ಳೆಯವರು. ಅಲ್ಲಿವರೆಗೆ ಚಿಂದಿ ಬಟ್ಟೆ ಮೇಲೆ ಅಭ್ಯಾಸ ಬಿಟ್ಟು ಬೇರೇದಕ್ಕೆ ಕೂರಿಸಲಿಲ್ಲ.” ತನಗೇ ಇಷ್ಟವಿಲ್ಲದವಳಂತೆ ಕೇಳಿದಳು: “ಅವನನ್ನ ಚಿಂದಿ ಮೇಲೆ ಯಾರೂ ಕೂರಿಸಲಿಲ್ವಾ?”

ಇನ್ಸ್‌ಪೆಕ್ಟರ್ ಸಹಿ ಪಡೆಯುವುದನ್ನೇ ಮರೆತು ಜೀಪು ಹತ್ತಿದರು. ರೈಟರ್ ವಾಪಸ್ ಓಡಿಹೋಗಿ ಸಹಿ ಹಾಕಿಸಿಕೊಂಡ.

ಹನ್ನೆರಡನೇ ತಾರೀಕು, ಬೆಳಿಗ್ಗೆ 9:40. ಹ್ಯಾಂಗರ್. ಒಳಗೆ ಎಣ್ಣೆಯ ವಾಸನೆ, ತಣ್ಣನೆಯ ಸಿಮೆಂಟು ನೆಲ. ಮ್ಯಾನೇಜರ್ ತಾವೇ ಮುಂದೆ ನಿಂತು ತರಬೇತಿಯ ಪುಸ್ತಕ ತಂದಿಟ್ಟರು. ಹಿಂದಿನ ತಿಂಗಳ 24ರಿಂದ 28ರವರೆಗೆ ಐದು ದಿನ, ದಿನಕ್ಕೆ ಎರಡು ಗಂಟೆ, ಹೊಸ ಯಂತ್ರದಲ್ಲಿ. ಪ್ರತಿ ಸಾಲಿನ ಕೊನೆಗೂ ಎರಡು ಸಹಿ, ಕಲಿಸಿದವರದು, ಕಲಿತವನದು. ಯಂತ್ರದ ದುರಸ್ತಿ ಪುಸ್ತಕವೂ ಅಚ್ಚುಕಟ್ಟು. 29ರಂದು ಬಾಲದ ಫ್ಯಾನಿನ ಬೇರಿಂಗ್ ಬದಲಾಯಿಸಲಾಗಿದೆ, ಅಷ್ಟೇ.

ಮೇಷ್ಟ್ರು ಕಿಟಕಿಯ ಹತ್ತಿರ ನಿಂತಿದ್ದರು. ಐವತ್ತೆಂಟು ವಯಸ್ಸು, ನೆಟ್ಟಗಿನ ಬೆನ್ನು, ಬಿಳಿ ಮೀಸೆ. ಎರಡೂ ಕೈ ಜಾಕೆಟ್ಟಿನ ಜೇಬಿನಲ್ಲಿ.

“ಹತ್ತು ಗಂಟೆಯೂ ನೀವೇ ಪಕ್ಕದಲ್ಲಿ ಕೂತಿದ್ರಾ?”

“ಪುಸ್ತಕದಲ್ಲಿದೆಯಲ್ಲ.”

“ಪುಸ್ತಕ ನೋಡಿದೆ. ನಿಮ್ಮನ್ನ ಕೇಳ್ತಿದೀನಿ.”

“ಕೂತಿದ್ದೆ. ನನ್ನ ಕೈಲಿ ಕಲಿತವರಲ್ಲಿ ಅವನಂಥವನು ಇನ್ನೊಬ್ಬನಿಲ್ಲ.”

“ಕೊನೇ ಹಾರಾಟದ ಪುಟ ತೆಗೆದು ತೋರಿಸಿ.”

“ನೀವೇ ತೆಗೀರಿ.” ಕೈ ಜೇಬಿನಿಂದ ಹೊರಬರಲಿಲ್ಲ.

ಹ್ಯಾಂಗರಿನ ಹಿಂಬದಿಯಲ್ಲಿ ಮೆಕ್ಯಾನಿಕ್ ಇದ್ದ. ಅರವತ್ತರ ಅಂಚಿನ ಮನುಷ್ಯ, ಎಲ್ಲರ ಬಾಯಲ್ಲಿ ಸ್ಪ್ಯಾನರ್ ಮಾಮ. ಅವನ ಹಿಂದಿನ ಗೋಡೆಗೆ ಬಾಗಿಲಗಲದ ಬೋರ್ಡು. ಅದರ ಮೇಲೆ ಒಂದೊಂದು ಉಪಕರಣದ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದಿತ್ತು. ಆಯಾ ಆಕಾರದ ಮೇಲೆ ಆಯಾ ಸ್ಪ್ಯಾನರ್, ಇಕ್ಕಳ, ಸುತ್ತಿಗೆ.

“ಏನ್ ಮಾಮ, ನಿಮ್ಮ ಸುತ್ತಿಗೆಗೆ ನೆರಳನ್ನೂ ಬರೆದಿಟ್ಟಿದೀರಿ?” ಎಂದ ರೈಟರ್.

“ನಗಬೇಡಿ ಸಾರ್. ಒಂದು ಸ್ಪ್ಯಾನರ್ ಯಂತ್ರದೊಳಗೆ ಮರೆತು ಉಳಿದ್ರೆ ಎಲ್ಲೋ ಸಿಕ್ಕಿಕೊಂಡು ಎಲ್ಲರನ್ನೂ ಕೊಲ್ಲುತ್ತೆ. ದಿನಾ ಸಂಜೆ ಬಾಗಿಲು ಹಾಕೋ ಮುಂಚೆ ಬೋರ್ಡು ತುಂಬಿದೆಯಾ ನೋಡಿ ಫೋಟೋ ತೆಗೀಬೇಕು. ಮೂವತ್ತೊಂದು ವರ್ಷದಲ್ಲಿ ಒಂದಿನ ತಪ್ಪಿಸಿಲ್ಲ. ಮೊದಲು ಪುಸ್ತಕದಲ್ಲಿ ಬರೀತಿದ್ದೆ, ಈಗ ಫೋನು.”

“ಹೋದ ತಿಂಗಳದ್ದು ಇದೆಯಾ?” ಎಂದರು ಇನ್ಸ್‌ಪೆಕ್ಟರ್.

ಮಾಮ ಕೈ ಒರೆಸಿಕೊಂಡು ಫೋನ್ ಕೊಟ್ಟ. ಕೊಟ್ಟ ಕೈ ಹಗುರವಾದಂತೆ ಇತ್ತು.

24ನೇ ತಾರೀಕಿನ ಫೋಟೋ: ಬೋರ್ಡು ತುಂಬಿದೆ, ಪಕ್ಕದಲ್ಲಿ ಹೊಸ ಯಂತ್ರದ ಬಾಲ ಕಾಣುತ್ತಿದೆ. 25: ಬೋರ್ಡು ತುಂಬಿದೆ. ಇನ್ಸ್‌ಪೆಕ್ಟರ್ ಉಪಕರಣಗಳನ್ನು ಒಂದೊಂದಾಗಿ ಲೆಕ್ಕ ಹಾಕುತ್ತಿದ್ದಾಗ ರೈಟರ್ ಭುಜದ ಮೇಲಿಂದ ಬಗ್ಗಿದ.

“ಮೇಡಂ, ಬೋರ್ಡು ಬಿಡಿ. ಹಿಂದೆ ನೋಡಿ. ಇದರ ಬಾಲದಲ್ಲಿ ಫ್ಯಾನೇ ಇಲ್ಲ.”

25, 26, 27, 28. ನಾಲ್ಕು ದಿನವೂ ಬಾಲ ಬೋಳು.

“ಮಾಮ,” ಎಂದರು ಇನ್ಸ್‌ಪೆಕ್ಟರ್, “ಫ್ಯಾನ್ ಇಲ್ಲದೆ ಇದು ಹಾರುತ್ತಾ?”

“ನೆಲದಿಂದ ಒಂದಡಿ ಏಳಲ್ಲ ತಾಯಿ. 25ರ ಬೆಳಿಗ್ಗೆ ಬೇರಿಂಗ್‌ನಲ್ಲಿ ಬಿರುಕು ಕಂಡೆ, ಬಿಚ್ಚಿಟ್ಟೆ. ಹೊಸ ಬೇರಿಂಗ್ ಬಂದಿದ್ದು 29ಕ್ಕೆ. ಎಲ್ಲಾ 29ರಲ್ಲೇ ಆಯ್ತು ಅಂತ ಬರಿ ಅಂದ್ರು. ಬರೆದೆ.”

“ಯಾರು ಅಂದ್ರು?”

ಮಾಮ ಮ್ಯಾನೇಜರ್‌ನ ಕೋಣೆಯ ಕಡೆ ಗದ್ದ ಎತ್ತಿ ತೋರಿಸಿದ.

“ಅಪಘಾತ ಆದ್ಮೇಲಾದ್ರೂ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಮೇಷ್ಟ್ರು ಸಿಕ್ಕಿಬೀಳ್ತಿದ್ರು.” ಅವನ ದನಿ ಇಳಿಯಿತು. “ಅವರ ಬಲಗೈ ನಡುಗುತ್ತೆ ತಾಯಿ. ವರ್ಷದ ಹತ್ತಿರ ಆಯ್ತು. ನಮಗೆಲ್ಲ ಗೊತ್ತು. ಟೀ ಲೋಟ ಅರ್ಧ ತುಂಬಿಸಿ ಕೊಡ್ತೀವಿ, ತುಳುಕಬಾರದು ಅಂತ. ಅವರ ಮುಂದೆ ಯಾರೂ ಆ ಮಾತು ಎತ್ತಲ್ಲ.”

ಫೋನ್ ಮತ್ತು ಎರಡೂ ಪುಸ್ತಕ ಜಪ್ತಿಯಾದವು. ಸಿಬ್ಬಂದಿಯ ಕಡತಗಳನ್ನೂ ತೆಗೆಸಿದರು. ಮೇಷ್ಟ್ರ ಕಡತದಲ್ಲಿ ಆರು ತಿಂಗಳಿಗೊಮ್ಮೆ ಆಗಬೇಕಾದ ವೈದ್ಯಕೀಯ ತಪಾಸಣೆಯನ್ನು ಎರಡು ಸಲ ಮುಂದೂಡಿದ ಪತ್ರಗಳಿದ್ದವು. ಕಾರಣ: ‘ಸೇವೆಯ ತುರ್ತು.’ ಸಹಿ: ಮ್ಯಾನೇಜರ್.

ಹದಿಮೂರರಂದು ಮತ್ತೆ ಆಸ್ಪತ್ರೆ. ಇನ್ಸ್‌ಪೆಕ್ಟರ್ ನಾಲ್ಕು ಫೋಟೋಗಳ ಪ್ರತಿಗಳನ್ನು ಪೈಲಟ್‌ನ ಎದೆಯ ಮೇಲೆ ಇಟ್ಟರು. ಅವನು ಬಹಳ ಹೊತ್ತು ನೋಡಿದ.

“ಎರಡು ಗಂಟೆ. ಮೊದಲನೇ ದಿನ ಮಾತ್ರ. ಮಾರನೇ ದಿನ ಯಂತ್ರ ಬಿಚ್ಚಿದಾರೆ ಅಂದ್ರು. ಮೇಷ್ಟ್ರು ಬಂದು, ‘ನಿನಗೇನೋ ಕಲಿಸೋದು, ನೀನೇ ಬೇರೆಯವರಿಗೆ ಕಲಿಸ್ತೀಯ’ ಅಂದ್ರು. ನನ್ನ ತಲೆ ಆಕಾಶ ಮುಟ್ಟಿತು. ಸಹಿ ಹಾಕಿದೆ.”

“ಅವರ ಕೈ ನಡುಗೋದು ಗೊತ್ತಿತ್ತಾ?”

“ಪಾಠದ ಯಂತ್ರದಲ್ಲಿ ಇಬ್ಬರ ಮುಂದೂ ಬಲಗೈಗೆ ಒಂದೊಂದು ಕೋಲು ಇರುತ್ತೆ ಮೇಡಂ. ಎರಡೂ ಒಳಗೆ ಜೋಡಿ. ಅವರು ಅಲ್ಲಾಡಿಸಿದ್ರೆ ನಂದೂ ಅಲ್ಲಾಡುತ್ತೆ. ಮೊದಲನೇ ದಿನ ಎರಡನೇ ಗಂಟೆಯಲ್ಲಿ ಅವರು ಕೋಲು ಹಿಡಿದ್ರು. ನನ್ನ ಕೈಗೆ ಬಂತು, ಸಣ್ಣಗೆ, ಹಕ್ಕಿ ಎದೆ ಹೊಡ್ಕೊಂಡ ಹಾಗೆ.” ಅವನು ಕಣ್ಣು ಮುಚ್ಚಿದ. “ಗೊತ್ತಾಗದವನ ಹಾಗೆ ಹೊರಗೆ ನೋಡ್ತಾ ಕೂತೆ. ಹತ್ತೊಂಬತ್ತು ವರ್ಷದ ಹಿಂದೆ ನಾನು ಹೆದರಿ ಬೆವೆತಾಗ ಅವರೂ ಹಾಗೇ ಹೊರಗೆ ನೋಡಿದ್ರು.”

ರೈಟರ್ ಬರೆದು ಮುಗಿಸಿ ಹಾಳೆ ತಿರುವಿದ.

“ಈಗ ನನ್ನ ಮೇಲೆ ಕೇಸ್ ಹಾಕ್ತೀರಲ್ಲ? ಕಾಲು ತಪ್ಪಿದ್ದಕ್ಕೆ?”

“ಹಾಕ್ತೀನಿ. ಕಾಲು ತಪ್ಪಿದ್ದಕ್ಕಲ್ಲ. ಹಾರದ ನಾಲ್ಕು ದಿನ ಹಾರಿದೆ ಅಂತ ಸಹಿ ಹಾಕಿದ್ದಕ್ಕೆ.”

ಪೈಲಟ್ ತಲೆಯಾಡಿಸಿದ. ನಾಲ್ಕು ದಿನದಲ್ಲಿ ಮೊದಲ ಸಲ ಅವನ ಮುಖದಲ್ಲಿ ಸ್ವಲ್ಪ ಜೀವ ಬಂದಂತಿತ್ತು. ಮಾಡದ್ದನ್ನೂ ಸೇರಿಸಿ ಎಲ್ಲವನ್ನೂ ಹೊರುವುದಕ್ಕಿಂತ, ಮಾಡಿದ್ದನ್ನು ಮಾತ್ರ ಹೊರುವುದು ಹಗುರ.

ಹದಿನಾರನೇ ತಾರೀಕು, ಮಂಗಳವಾರ, ಬೆಳಿಗ್ಗೆ 10:20ಕ್ಕೆ ಮ್ಯಾನೇಜರ್‌ನನ್ನು ಅವರ ಕಚೇರಿಯಲ್ಲೇ ದಸ್ತಗಿರಿ ಮಾಡಲಾಯಿತು. ಅವರು ವಕೀಲರಿಗೆ ಫೋನ್ ಮಾಡಿದರು, ಮೇಲಧಿಕಾರಿಗೂ ಮಾಡಿದರು, ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದರು.

“ನಾನು ಯಾವ ಯಂತ್ರವನ್ನೂ ಮುಟ್ಟಿಲ್ಲ.”

“ಅದೇ ಅಲ್ವಾ ನಿಮ್ಮ ಜಾಣತನ? ತರಬೇತಿಗೆ ಯಂತ್ರ ಇಲ್ಲ, ಆದ್ರೂ ಒಂದನೇ ತಾರೀಕಿಗೆ ಸೇವೆ ಶುರುವಾಗಬೇಕು. ಗಟ್ಟಿ ಕೈಯವರು ಯಾರೂ ಆ ಪುಸ್ತಕಕ್ಕೆ ಸಹಿ ಹಾಕ್ತಿರಲಿಲ್ಲ. ನಡುಗೋ ಕೈ ಒಂದು ಬೇಕಿತ್ತು, ಅದನ್ನ ಎರಡು ಪತ್ರ ಬರೆದು ಜೋಪಾನವಾಗಿ ಇಟ್ಟುಕೊಂಡ್ರಿ.”

ಎಫ್‌ಐಆರ್ 118ರಲ್ಲಿ ಮ್ಯಾನೇಜರ್ ಒಂದನೇ ಆರೋಪಿಯಾದರು.

ಎರಡನೆಯವರನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. 11:40ಕ್ಕೆ ಮೇಷ್ಟ್ರೇ ಠಾಣೆಗೆ ಬಂದರು. ಹಲ್ಲುಜ್ಜುವ ಬ್ರಷ್ಷು, ಒಂದು ಜೊತೆ ಬಟ್ಟೆ ಇದ್ದ ಸಣ್ಣ ಚೀಲವನ್ನು ಬೆಂಚಿನ ಮೇಲಿಟ್ಟರು. ಕೈಗಳನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಚಾಚಿದರು. ಬಲಗೈ ಮೇಜಿನ ಹಲಗೆಗೆ ಟಕಟಕ ಬಡಿಯತೊಡಗಿತು. ಅದನ್ನು ಎಡಗೈಯಿಂದ ಮುಚ್ಚಲಿಲ್ಲ.

ದಸ್ತಗಿರಿಯ ಕಾಗದ ಮುಗಿದ ಮೇಲೆ ಅವರ ಹೇಳಿಕೆ ಶುರುವಾಯಿತು.

“ಒಂದಿನ ಮ್ಯಾನೇಜರ್ ಎದುರಿಗೆ ಕೈಯಿಂದ ಲೋಟ ಬಿತ್ತು. ಅವರು ಏನೂ ಅನ್ನಲಿಲ್ಲ. ಮಾರನೇ ದಿನ ತಪಾಸಣೆ ಮುಂದೂಡಿದ ಪತ್ರ ಕೊಟ್ಟು, ‘ನಿಮಗೆ ತೊಂದರೆ ಆಗಬಾರದು ಮೇಷ್ಟ್ರೇ’ ಅಂದ್ರು. ಉಪಕಾರ ಅಂದ್ಕೊಂಡೆ. 25ನೇ ತಾರೀಕು ಬಂದು ‘ಹತ್ತು ಗಂಟೆ ಅಂತ ಬರೆದುಬಿಡಿ’ ಅಂದ್ರು. ಆಗ ಗೊತ್ತಾಯ್ತು.”

“ಆಗಲ್ಲ ಅಂದಿದ್ರೆ?”

“ಅಂದಿದ್ರೆ ತಪಾಸಣೆ. ತಪಾಸಣೆ ಆದ್ರೆ ಲೈಸೆನ್ಸ್ ಹೋಗೋದು. ಮೂವತ್ತು ವರ್ಷ ಬೇರೆಯವರಿಗೆ ಹಾರೋದು ಕಲಿಸಿದೀನಿ. ಮನೆ ಕಿಟಕಿ ಹತ್ರ ಕೂತು ಸದ್ದು ಕೇಳಿ ತಲೆ ಎತ್ತಿ ನೋಡೋ ಮುದುಕ ಆಗೋದು ನನ್ನ ಕೈಲಾಗ್ತಿರಲಿಲ್ಲ. ಇನ್ನೊಂದಿದೆ. ನಿಜ ಹೇಳ್ತೀನಿ, ಯಂತ್ರ ಕೆಟ್ಟಿದೆ ಅಂದಾಗ ನನಗೆ ಸಮಾಧಾನವೇ ಆಯ್ತು. ಇನ್ನೂ ಎಂಟು ಗಂಟೆ ಅವನ ಪಕ್ಕ ಕೂತು ಕೋಲು ಹಿಡೀಬೇಕಿತ್ತು. ಎರಡು ಕೋಲೂ ಜೋಡಿ. ನನ್ನ ನಡುಕ ಅವನ ಕೈಗೆ ಹೋಗೋದು ಬೇಡ ಅನ್ನಿಸಿತು. ಬೇರೆ ಯಾರಿಗೆ ಗೊತ್ತಾದ್ರೂ ಸರಿ, ಅವನಿಗೆ ಬೇಡ. ಅದೊಂದು ಉಳೀತು. ಅವನಿಗೆ ಇವತ್ತಿಗೂ ಗೊತ್ತಿಲ್ಲ.”

ರೈಟರ್‌ನ ಪೆನ್ನು ನಿಂತಿತು. ಹದಿಮೂರರ ಹೇಳಿಕೆ ಅದೇ ಕಡತದಲ್ಲಿ, ಅವನ ಮೊಣಕೈಯ ಕೆಳಗೇ ಇತ್ತು. ಅವನು ಇನ್ಸ್‌ಪೆಕ್ಟರ್ ಮುಖ ನೋಡಿದ. ಅವರು ಬೇಡವೆಂದು ಕಣ್ಣಲ್ಲೇ ಹೇಳಿದರು. ನ್ಯಾಯಾಲಯದಲ್ಲಿ ಹೇಗೂ ಓದುತ್ತಾರೆ.

ಸಂಜೆ 4 ಗಂಟೆಗೆ ಹೊಲಿಗೆಯ ಅಕ್ಕನನ್ನು ಕರೆಸಿದರು. ಈ ಸಲ ಅವಳು ಕುರ್ಚಿಯಲ್ಲಿ ಕೂತಳು. ಇನ್ಸ್‌ಪೆಕ್ಟರ್ ಮೊದಲಿನಿಂದ ಕೊನೆಯವರೆಗೆ, ಏನನ್ನೂ ಮುಚ್ಚದೆ ಹೇಳಿದರು. ಫೋಟೋ, ಪುಸ್ತಕ, ಪತ್ರ, ಅರ್ಧ ತುಂಬಿದ ಲೋಟ, ಜೋಡಿ ಕೋಲು. ಪೈಲಟ್ ಮೂರನೇ ಆರೋಪಿ, ಕಾಲು ಕೂಡಿದ ಮೇಲೆ ದಸ್ತಗಿರಿ, ಮಂಚಕ್ಕೆ ಕೋಳ ಹಾಕುವುದಿಲ್ಲ ಎಂದರು. ಅವಳು ಅದಕ್ಕೆ ತಕರಾರು ಮಾಡಲಿಲ್ಲ.

“ಆ ಮೇಷ್ಟ್ರನ್ನ ನೋಡ್ತೀರಾ?”

“ಬೇಡ. ನೋಡಿದ್ರೆ ಪಾಪ ಅನ್ನಿಸುತ್ತೆ. ನನಗೆ ಈಗ ಯಾರ ಮೇಲೂ ಪಾಪ ಬೇಡ.”

ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಎಷ್ಟು ಒಳ್ಳೆಯವರು ಮೇಡಂ ಎಲ್ಲರೂ! ಮೇಷ್ಟ್ರ ಮರ್ಯಾದೆ ಕಾಪಾಡೋಕೆ ಪೈಲಟ್ ಸುಮ್ಮನಿದ್ದ, ಮಾಮ ಸುಮ್ಮನಿದ್ದ. ಮ್ಯಾನೇಜರ್‌ಗೆ ಬೇಕಿದ್ದೂ ಅದೇ. ಹ್ಯಾಂಗರಿಗೆ ಹ್ಯಾಂಗರೇ ಗೊತ್ತಿತ್ತು. ಹಿಂದಿನ ಸೀಟಲ್ಲಿ ಕೂರೋಳಿಗೆ ಮಾತ್ರ ಒಬ್ಬರೂ ಹೇಳಲಿಲ್ಲ.”

ಇನ್ಸ್‌ಪೆಕ್ಟರ್ ನೀರಿನ ಲೋಟವನ್ನು ಅವಳ ಕಡೆ ಸರಿಸಿದರು.

“ಹೇಳಿದ್ರೆ ಅವಳು ಹತ್ತುತ್ತಿರಲಿಲ್ಲ ಅಂತಲ್ಲ. ಅವಳ ಹಟ ನನಗೆ ಗೊತ್ತು, ನಾನೇ ಸಾಕಿದವಳು. ರೋಗಿ ಕಾಯ್ತಿದಾನೆ ಅಂದ್ರೆ ಹತ್ತೋಳೇ. ಆದ್ರೆ ಗೊತ್ತಿದ್ದು ಹತ್ತೋಳು. ಹತ್ತಬೇಕೋ ಬೇಡವೋ ಅಂತ ಅವಳೂ ಒಂದ್ಸಲ ಯೋಚನೆ ಮಾಡೋಳು. ಅಷ್ಟಾದ್ರೂ ಅವಳಿಗೆ ಬಿಡಬೇಕಿತ್ತು.”

ರೈಟರ್ ಅದನ್ನೂ ಬರೆದುಕೊಂಡ, ಅವಳು ಹೇಳಿದ ಹಾಗೆಯೇ. ಸಮಯ 4 ಗಂಟೆ 25 ನಿಮಿಷ.